ಒಂದೇ ಒತ್ತಿಗೆ ಎರಡು ಗುಂಡು

ಮಿಲ್ಪಿಟಾಸ್
ಮಾರ್ಚ್ 11, 2024

ಪ್ರಿಯ ಇಂದು,

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಮಾತು ಮುಗಿಸುವ ಮೊದಲೇ ನೀನು ತೀರ್ಪು ಕೊಟ್ಟುಬಿಡುತ್ತೀಯ. ಹುಬ್ಬಳ್ಳಿಯ ಎನ್.ಸಿ.ಸಿ. ಕ್ಯಾಂಪಿನಲ್ಲೂ ಹಾಗೇ ಮಾಡುತ್ತಿದ್ದೆ. ಅದಕ್ಕೇ ಈ ಮೇಲ್. ಪೂರ್ತಿ ಓದು, ಆಮೇಲೆ ಬೈ.

ಭಾನುವಾರಗಳಲ್ಲಿ ನಾನು ಇಲ್ಲಿನ ರೈಫಲ್ ಕ್ಲಬ್ಬಿನಲ್ಲಿ ಹೆಂಗಸರಿಗೆ ಗುರಿ ಹೊಡೆಯುವುದನ್ನು ಕಲಿಸುವುದು ನಿನಗೆ ಗೊತ್ತಿದೆ. ಕ್ಲಬ್ಬು ಊರಾಚೆಯ ಬೆಟ್ಟದ ಹಿಂದಿದೆ. ಬರುವವರಲ್ಲಿ ಅರ್ಧ ನಮ್ಮವರೇ, ಸಾಂಟಾ ಕ್ಲಾರಾ, ಫ್ರೀಮಾಂಟ್ ಕಡೆಯವರು. ರೈಫಲ್ ನನ್ನದೇ. ಹೋದ ವರ್ಷ ಹೊಸದಾಗಿ ಕೊಂಡದ್ದು. ಆಯುಧಪೂಜೆಯ ದಿನ ನನ್ನ ಪತಿದೇವ ಕೇದಾರ ಕಾರಿಗೂ ಅದಕ್ಕೂ ಒಟ್ಟಿಗೇ ಕುಂಕುಮ ಇಟ್ಟಿದ್ದ. ಪಾಯಿಂಟ್ ಟೂ ಟೂ, ಸೆಮಿ ಆಟೋಮ್ಯಾಟಿಕ್. ಒಂದು ಸಲ ಒತ್ತಿದರೆ ಒಂದೇ ಗುಂಡು. ಮುಂದಿನ ಗುಂಡು ತಾನಾಗಿ ಕೊಳವೆಗೆ ಬಂದು ಕೂರುತ್ತದೆ, ಆದರೆ ಬೆರಳು ಬಿಟ್ಟು ಮತ್ತೆ ಒತ್ತುವವರೆಗೆ ಅದು ಹಾರಕೂಡದು.

ನಿನ್ನೆ ಹಾರಿತು.

ಒತ್ತಿದವರು ವಸುಧಾ. ನನ್ನ ವಿದ್ಯಾರ್ಥಿಗಳಲ್ಲಿ ಎಲ್ಲರಿಗಿಂತ ಹಿರಿಯರು, ಅರವತ್ತಾರು ವರ್ಷ. ಮೈಸೂರಿನವರು. ಇಲ್ಲಿನ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ಅರಿವಳಿಕೆ ತಜ್ಞೆಯಾಗಿದ್ದು ನಿವೃತ್ತರಾದವರು. ಎರಡು ಸದ್ದು ಎಷ್ಟು ಹತ್ತಿರ ಬಂದವೆಂದರೆ ನಾನು ಪ್ರತಿಧ್ವನಿ ಎಂದುಕೊಂಡೆ. ಎರಡನೆಯ ಗುಂಡು ಗುರಿಹಲಗೆಯ ಮೇಲಿನ ಮರದ ಚೌಕಟ್ಟನ್ನು ಸೀಳಿತು. ಇನ್ನೊಂದು ಗೇಣು ಎತ್ತರಕ್ಕೆ ಹೋಗಿದ್ದರೆ ಹಿಂದೆ ಗುಂಡು ತಡೆಯಲೆಂದು ಹಾಕಿದ ಮಣ್ಣಿನ ದಿಬ್ಬ ದಾಟುತ್ತಿತ್ತು. ಯಾರಿಗೂ ಏನೂ ಆಗಲಿಲ್ಲ.

ರೇಂಜ್ ಮಾಸ್ಟರ್ ಟ್ರಾನ್ ಎಲ್ಲರ ಗುಂಡಿನ ಅಭ್ಯಾಸ ನಿಲ್ಲಿಸಿ ಬಂದರು. ವಸುಧಾ ರೈಫಲನ್ನು ಮೇಜಿನ ಮೇಲೆ ಗುರಿಯ ಕಡೆಗೇ ಮುಖ ಮಾಡಿ ಇಟ್ಟು, ಎರಡೂ ಕೈ ಎತ್ತಿ ಹಿಂದೆ ಸರಿದಿದ್ದರು. ನಾನು ಕಲಿಸಿದ ಹಾಗೆಯೇ. "ನಾನು ಒಂದೇ ಸಲ ಒತ್ತಿದ್ದು ವಿಭಾ," ಅಂದರು. ಆಮೇಲೆ ತಮ್ಮ ಬಲಗೈ ನೋಡಿಕೊಂಡು, "ಒಂದೇ ಸಲ ಅನ್ಕೊಂಡಿದೀನಿ," ಅಂದರು.

ಟ್ರಾನ್ ಮಾತ್ರ ಬೆರಳಿನ ತಪ್ಪು ಎಂದು ಬರೆದುಕೊಂಡರು. ನೀನು ವರ್ಷಗಟ್ಟಲೆ ಪೊಲೀಸರಿಗೆ ಆಯುಧ ಕಲಿಸಿದವಳು. ಏನನ್ನಿಸುತ್ತದೆ?

ನಿನ್ನ
ವಿಭಾ


ಪೊಲೀಸ್ ಕ್ವಾರ್ಟರ್ಸ್
ಮಾರ್ಚ್ 15, 2024

ವಿಭಾ,

ಪೂರ್ತಿ ಓದಿದೆ. ಬೆರಳೇ.

ರೈಫಲನ್ನು ಸಡಿಲವಾಗಿ ಹಿಡಿದರೆ ಅದು ಹಿಂದಕ್ಕೆ ಒದ್ದು ಮತ್ತೆ ಮುಂದಕ್ಕೆ ಬರುತ್ತದೆ. ಅಲ್ಲೇ ನಿಂತಿದ್ದ ಬೆರಳಿಗೆ ಟ್ರಿಗರ್ ತಾನೇ ಬಂದು ತಗಲುತ್ತದೆ. ಹೊಡೆದವರಿಗೆ ಗೊತ್ತೇ ಆಗುವುದಿಲ್ಲ. ಒಂದೇ ಸಲ ಒತ್ತಿದೆ ಎಂದು ದೇವರ ಮೇಲೆ ಆಣೆ ಇಡುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಆದರೆ ನಿಜವೂ ಅಲ್ಲ. ಇಂಥದ್ದನ್ನು ಎಷ್ಟು ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ.

ಕೆಲವರಿಗೆ ಆಯುಧ ಒಗ್ಗುವುದಿಲ್ಲ. ಅದನ್ನು ಬೇಗ ಹೇಳುವುದೇ ದಯೆ. ಆ ತಾಯಿಗೆ ವಯಸ್ಸಾಗಿದೆ. ಬೇರೆ ಹವ್ಯಾಸ ಹುಡುಕಿಕೊಡು.

ಒಂದು ವಿಷಯ ತಿಳಿಸು. ಕ್ಲಬ್ಬಿನವರ ವರದಿಯಲ್ಲಿ ಏನೆಂದು ಬರೆದರು? ಸಹಿ ಹಾಕಿದವರು ಒಬ್ಬರೋ ಹಲವರೋ? ಸಹಿ ಹಾಕುವ ಮೊದಲು ಯಾರಾದರೂ ರೈಫಲನ್ನು ಬಿಚ್ಚಿ ನೋಡಿದರೇ?

ಇಲ್ಲಿ ಬಿಸಿಲು ಶುರುವಾಗಿದೆ.

ಇಂದು


ಮಿಲ್ಪಿಟಾಸ್
ಮಾರ್ಚ್ 25, 2024

ಇಂದು,

ಸಿಟ್ಟು ಇಳಿಯಲೆಂದು ಕಾದು ಬರೆಯುತ್ತಿದ್ದೇನೆ. ಪೂರ್ತಿ ಇಳಿದಿಲ್ಲ. "ಬೇರೆ ಹವ್ಯಾಸ ಹುಡುಕಿಕೊಡು" ಎಂದು ಬರೆದವಳು ನೀನೇ ಏನೇ? ಕ್ಯಾಂಪಿನಲ್ಲಿ ಸುಬೇದಾರರು, ಹುಡುಗಿಯರಿಗೆ ರೈಫಲ್ ಒಗ್ಗುವುದಿಲ್ಲ ಅಂದಾಗ ಅನ್ನ ಬಿಟ್ಟು ಕುಳಿತವಳು ನೀನು. ಇನ್ಸ್‌ಪೆಕ್ಟರ್ ಆದ ಮೇಲೆ ನೀನೂ ಸುಬೇದಾರಳಾದೆಯಾ?

ನಿನ್ನ ಪ್ರಶ್ನೆಗೆ ಉತ್ತರ: ಟ್ರಾನ್ ಸೇರಿ ಕಮಿಟಿಯ ಮೂವರೂ ಸಹಿ ಹಾಕಿದ್ದಾರೆ. ಬಿಚ್ಚಿ ನೋಡಿದವರು ಯಾರೂ ಇಲ್ಲ. ವಸುಧಾ ಇನ್ನು ಮುಂದೆ ಆ ರೇಂಜಿನಲ್ಲಿ ಗುಂಡು ಹಾರಿಸುವಂತಿಲ್ಲ. ನಾನು ಮಾತ್ರ ಕಲಿಸಬಹುದಂತೆ.

ಶನಿವಾರ ಅವರ ಮನೆಗೆ ಹೋಗಿದ್ದೆ. ಎಲ್ ಕಮಿನೋ ರಸ್ತೆಯ ಹತ್ತಿರದ ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ ಇದ್ದಾರೆ. ಕಾಫಿ ಕೊಟ್ಟರು, ಲೋಟದಲ್ಲಿ ಅರ್ಧಕ್ಕಿಂತ ಕಡಿಮೆ. ಆಗಲೇ ಕಾರಣ ತಿಳಿದದ್ದು. ಅವರ ಕೈ ನಡುಗುತ್ತದೆ. ಪೂರ್ತಿ ತುಂಬಿಸಿದರೆ ಚೆಲ್ಲುತ್ತದೆ.

"ನಮ್ಮಪ್ಪಂಗೂ ಇತ್ತು," ಅಂದರು. "ಕಾಯಿಲೆ ಏನಲ್ಲ, ಬರೀ ನಡುಕ. ಆದ್ರೆ ಮಗೂಗೆ ಸೂಜಿ ಹಾಕೋ ಕೈ ಅದು, ನಡುಗಬಾರ್ದು. ಯಾರೂ ಹೇಳೋಕೆ ಮುಂಚೆ ನಾನೇ ಕೆಲಸ ಬಿಟ್ಟೆ."

"ರೈಫಲ್ ಹಿಡಿದಾಗ ನಡುಗಲ್ವಲ್ಲ ಆಂಟಿ."

"ಅದಕ್ಕೇ ಬರ್ತಿದ್ದೆ ಕಣೆ. ಅದನ್ನ ಭುಜಕ್ಕೆ ಒತ್ತಿ ಹಿಡಿದ್ರೆ ಕೈ ಸುಮ್ಮನಾಗ್ತಿತ್ತು. ನಾಲ್ಕು ವರ್ಷದಿಂದ ಕೈ ಸುಮ್ಮನಿದ್ದಿದ್ದು ಅಲ್ಲೊಂದೇ ಕಡೆ. ಈಗ ಅದೂ ಸುಳ್ಳು ಅಂತ ಆಯ್ತು. ಬಿಡು, ಅವ್ರು ಹೇಳಿದ್ದು ಸರಿ ಇರ್ಬೋದು."

ಇಂದು, ಅವರು ಹೊಡೆದ ಗುರಿಹಾಳೆಗಳು ನನ್ನ ಬಳಿ ಇವೆ. ತೂತುಗಳೆಲ್ಲ ಒಂದು ನಿಂಬೆಹಣ್ಣಿನಡಿ ಮುಚ್ಚಿಹೋಗುತ್ತವೆ. ಸಡಿಲ ಹಿಡಿತದ ಗುರಿಯಲ್ಲ ಅದು.

ಆದರೆ ನಾನೂ ನ್ಯಾಯವಾಗಿಯೇ ಬರೆಯಬೇಕು. ರೈಫಲನ್ನು ನಾನೇ ಬಿಚ್ಚಿದೆ. ಗುಂಡಿನ ಹಿಂಬದಿಗೆ ಬಡಿಯುವ ಮೊಳೆಯ ದಾರಿಯಲ್ಲಿ ಕೊಳೆ ಇಲ್ಲ. ರೇಂಜಿನಲ್ಲಿ ಬೇರೆ ಪೆಟ್ಟಿಗೆಯ ಗುಂಡು ಹಾಕಿ ಹೊಡೆದೆ, ಒಂದೊಂದೇ ಹಾರಿತು. ಖಾಲಿ ರೈಫಲಿನಲ್ಲಿ ಟ್ರಿಗರ್ ಒತ್ತಿಹಿಡಿದು ಗುಂಡನ್ನು ಒಳಗೆ ತಳ್ಳುವ ಬೋಲ್ಟನ್ನು ಕೈಯಿಂದ ಎಳೆದು ಬಿಟ್ಟು ನೋಡಿದೆ. ಪ್ರತಿಸಲವೂ ಆ ಮೊಳೆಗೆ ಹೊಡೆಯುವ ಸುತ್ತಿಗೆ ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು. ಇದೆಲ್ಲ ನಿನ್ನ ಮಾತಿಗೇ ಸಾಕ್ಷಿ. ಆಫೀಸಿನಲ್ಲಿ ನನ್ನ ಕೆಲಸವೇ ಇದು, ಚಿಪ್ ಮಾಡುವ ಯಂತ್ರಗಳು ಯಾಕೆ ಕೆಟ್ಟವೆಂದು ಹುಡುಕುವುದು. ಪೂರ್ತಿ ಕೆಟ್ಟದ್ದು ಸುಲಭ. ಆಗೊಮ್ಮೆ ಈಗೊಮ್ಮೆ ಕೆಡುವುದು ಮನುಷ್ಯರ ಮೇಲೆ ಅನುಮಾನ ಹುಟ್ಟಿಸುತ್ತದೆ.

ವಿಭಾ


ಪೊಲೀಸ್ ಕ್ವಾರ್ಟರ್ಸ್
ಏಪ್ರಿಲ್ 4, 2024

ವಿಭಾ,

ಬೈಗುಳ ತಲುಪಿತು. ಇಟ್ಟುಕೊಳ್ಳುತ್ತೇನೆ.

ಕೈಯಿಂದ ಬೋಲ್ಟ್ ಎಳೆದು ನೋಡಿದ್ದು ಸರಿ, ಆದರೆ ಸಾಲದು. ಕೈ ನಿಧಾನ. ಗುಂಡು ಹಾರಿದಾಗ ಒಳಗಿನ ಎಲ್ಲವೂ ಬಿರುಸಾಗಿ ಓಡುತ್ತವೆ, ಬಿಸಿಯೇರುತ್ತವೆ. ತಣ್ಣಗಿದ್ದಾಗ ಸುತ್ತಿಗೆಯನ್ನು ಹಿಡಿದ ಕೊಕ್ಕೆ ಬಿಸಿಯಾದಾಗ ಜಾರಬಹುದು. ಆ ದಿನ ಅವರ ಸರದಿ ಮೊದಲೋ ಕೊನೆಯೋ? ಕೊನೆಯಾಗಿದ್ದರೆ ರೈಫಲ್ ಕಾದಿರುತ್ತದೆ.

ಮತ್ತೆ ಪರೀಕ್ಷೆ ಮಾಡುವುದಿದ್ದರೆ ಹೀಗೆ ಮಾಡು. ಬೇರೆ ಯಾರೂ ಇಲ್ಲದ ದಿನ, ರೇಂಜ್ ಮಾಸ್ಟರ್ ಪಕ್ಕದಲ್ಲಿರುವಾಗ. ಮ್ಯಾಗಜಿನಿನಲ್ಲಿ ಎರಡೇ ಗುಂಡು, ಮೂರನೆಯದು ಇರಕೂಡದು. ದಿಬ್ಬದ ಬುಡಕ್ಕೆ ಗುರಿ. ಬೆರಳಿಗೆ ನೇರವಾಗಿ ಪಕ್ಕದಿಂದ ಕ್ಯಾಮೆರಾ ಇಡು, ಎಷ್ಟು ವೇಗದ್ದು ಸಿಗುತ್ತದೋ ಅಷ್ಟು. ಆಗ ವಾದ ಇರುವುದಿಲ್ಲ. ಬೆರಳು ಮುಂದೆ ಬಂದು ಮತ್ತೆ ಹಿಂದೆ ಹೋಗಿದ್ದರೆ ಅದು ಬೆರಳಿನ ಕೆಲಸ. ಹಿಂದೆಯೇ ಒತ್ತಿಕೊಂಡು ನಿಂತಿದ್ದರೆ ಯಂತ್ರದ್ದು.

ಆದರೆ ಮೊದಲೇ ಮನಸ್ಸು ಗಟ್ಟಿಮಾಡಿಕೋ. ಕ್ಯಾಮೆರಾದಲ್ಲಿ ಬೆರಳೇ ಕಂಡರೆ ಅದನ್ನೂ ತೋರಿಸಬೇಕಾಗುತ್ತದೆ. ಆಗ ಆ ಹುಡುಗಿಗೆ ಉಳಿದಿರುವ ಸಂಶಯದ ಲಾಭವೂ ಹೋಗುತ್ತದೆ. ಸುಮ್ಮನಿದ್ದರೆ ಮಾತು ಮರೆತಾದರೂ ಹೋದೀತು. ನೋಡುವುದೇ ಮೇಲೋ, ನೋಡದಿರುವುದೇ ಮೇಲೋ? ನಿಜವಾಗಿ ಕೇಳುತ್ತಿದ್ದೇನೆ.

ಇಂದು


ಮಿಲ್ಪಿಟಾಸ್
ಏಪ್ರಿಲ್ 29, 2024

ಪ್ರಿಯ ಇಂದು,

ನೋಡುವುದೇ ಮೇಲು. ಬರೆದಿಟ್ಟುಕೋ.

ಮೊದಲು ಒಂದು ಚುಚ್ಚು: "ಆ ಹುಡುಗಿ" ಅಂದಿದ್ದೀಯ. ವಸುಧಾರಿಗೆ ಹೇಳಿದೆ, ತಿಂಗಳ ನಂತರ ನಕ್ಕರು. ನನ್ನ ಮೇಲ್‌ಗಳನ್ನು ನೀನು ಜೀಪಿನಲ್ಲಿ ಕೂತು ಓದುತ್ತೀಯೋ ಏನೋ. ಆದರೆ ನಿನ್ನ ಉಪಾಯ ನಿನಗಿಂತ ಒಳ್ಳೆಯದಿತ್ತು. ಆ ದಿನ ಅವರ ಸರದಿ ಕೊನೆಯದೇ.

ಟ್ರಾನ್ ಒಪ್ಪಲಿಕ್ಕೆ ಬಹಳ ದಿನ ತೆಗೆದುಕೊಂಡರು. ಅವರು ಲೈಸೆನ್ಸ್ ಇರುವ ಬಂದೂಕು ರಿಪೇರಿಯವರೂ ಹೌದು, ಮಾತು ಕಡಿಮೆ. "ನಿಮ್ಮ ಸ್ನೇಹಿತೆಯ ಮರ್ಯಾದೆಗಾಗಿ ಮಾಡುತ್ತಿದ್ದೀರಿ," ಅಂದರು. "ಅಲ್ಲ, ಮುಂದೆ ಅದನ್ನು ಹಿಡಿಯುವವರಿಗಾಗಿ," ಅಂದೆ. ಮುಂದಿನ ಸಲ ಗುಂಡು ದಿಬ್ಬ ದಾಟಿಯೇಬಿಟ್ಟರೆ ಆಚೆ ದನ ಮೇಯಿಸುವವರಿದ್ದಾರೆ. ಆ ಮಾತು ನಾಟಿತು. ರೇಂಜ್ ಮುಚ್ಚಿರುವ ದಿನ ಬರಲು ಹೇಳಿದರು. ಆಫೀಸಿನ ಗೆಳೆಯ ಗುರುಕಿರಣನ ಹತ್ತಿರ ವೇಗದ ಕ್ಯಾಮೆರಾ ಎರವಲು ತಂದೆ.

"ಮೊದಲು ನಾನೇ ಹೊಡೆಯುತ್ತೇನೆ," ಅಂದರು ಟ್ರಾನ್. ಅವರ ಕೈ ಬಂಡೆ. ಎರಡೆರಡೇ ಗುಂಡು ತುಂಬುವುದು, ಒತ್ತುವುದು, ಬಿಡುವುದು, ಮತ್ತೆ ಒತ್ತುವುದು. ಬೆಳಗೆಲ್ಲ ಏನೂ ಆಗಲಿಲ್ಲ. ನನಗೆ ನಿನ್ನ ಮಾತೇ ಕಿವಿಯಲ್ಲಿ. ಬಿಸಿಲೇರಿತು, ರೈಫಲ್ ಮುಟ್ಟಿದರೆ ಬೆಚ್ಚಗಿತ್ತು. ಟ್ರಾನ್ ಗಡಿಯಾರ ನೋಡಿಕೊಂಡು, ಇದು ಮುಗಿದರೆ ಊಟ ಅಂದರು. ಒತ್ತಿದರು. ಎರಡೂ ಹಾರಿಹೋದವು.

ಅವರು ರೈಫಲ್ ಖಾಲಿ ಮಾಡಿ, ಕೆಳಗಿಟ್ಟು, ಲ್ಯಾಪ್‌ಟಾಪಿನ ಮುಂದೆ ಬಂದು ಕೂತರು. ನಿಧಾನ ಚಿತ್ರದಲ್ಲಿ ಬೆರಳು ಟ್ರಿಗರನ್ನು ಹಿಂದಕ್ಕೆ ಒಯ್ದು ಅಲ್ಲೇ ಇತ್ತು. ಮೊದಲ ಚಿಪ್ಪು ಹೊರಗೆ ಹಾರಿತು. ಬೋಲ್ಟ್ ಹಿಂದೆ ಹೋಗಿ ಮುಂದೆ ಬಂತು. ಬೆರಳು ಅಲ್ಲೇ. ಎರಡನೆಯ ಹೊಗೆ. ಬೆರಳು ಇನ್ನೂ ಅಲ್ಲೇ.

ಟ್ರಾನ್ ಮತ್ತೆ ಮತ್ತೆ ಹಾಕಿಸಿ ನೋಡಿದರು. "ಈ ಬೆರಳನ್ನು ನಾನು ಚೆನ್ನಾಗಿ ಬಲ್ಲೆ," ಅಂದರು. ಅಷ್ಟೇ.

ಒಳಗೆ ಡಿಸ್ಕನೆಕ್ಟರ್ ಎಂಬ ಪುಟ್ಟ ಕೊಕ್ಕೆ ಇರುತ್ತದಲ್ಲ, ಬೆರಳು ಬಿಡುವವರೆಗೆ ಸುತ್ತಿಗೆಯನ್ನು ತಡೆದು ಹಿಡಿಯುವುದು, ಅದನ್ನು ಅವರೇ ಬಿಚ್ಚಿ ತೆಗೆದರು. ಮೇಲಧಿಕಾರಿಯ ಒಪ್ಪಿಗೆ ಕೇಳಿ ಅದನ್ನು ನಮ್ಮ ಆಫೀಸಿನ ಲ್ಯಾಬಿನ ಸೂಕ್ಷ್ಮದರ್ಶಕದಡಿ ಇಟ್ಟೆವು. ಚೂಪಾಗಿರಬೇಕಾದ ಅಂಚು ನೆಕ್ಕಿದ ಕಲ್ಲುಸಕ್ಕರೆಯಂತೆ ದುಂಡಗಾಗಿತ್ತು. ಉಕ್ಕನ್ನು ಕಾಯಿಸಿ ಗಟ್ಟಿಗೊಳಿಸುವ ಹದ ಕೊಟ್ಟಿಲ್ಲ. ಮೆತ್ತಗೆ ಉಳಿದ ಉಕ್ಕು, ಒಂದೊಂದು ಗುಂಡಿಗೂ ಒಂದಿಷ್ಟು ಸವೆದಿದೆ.

ಗೆದ್ದೆವು ಎಂದುಕೊಂಡೆ. ಆದರೆ ರೈಫಲ್ ಕಂಪನಿ ಎರಡೇ ಸಾಲಿನ ಉತ್ತರ ಕಳಿಸಿತು: ಗ್ರಾಹಕರ ದುರ್ಬಳಕೆ ಇರಬಹುದು. ಕಂಪನಿ ಒಪ್ಪುವವರೆಗೆ ನಿಷೇಧ ತೆಗೆಯುವುದಿಲ್ಲ ಎಂದು ಕಮಿಟಿಯ ಉಳಿದಿಬ್ಬರು. ವಸುಧಾರಿಗೆ ಚಿತ್ರ ತೋರಿಸಿದೆ. ಅವರು ಡಾಕ್ಟರಲ್ಲವೇ, ನನ್ನನ್ನೇ ಪರೀಕ್ಷೆಗೆ ಕೂರಿಸಿದರು. "ಟ್ರಾನ್ ಕೈಲಿ ಹೀಗೆ ಆಯ್ತು, ಸರಿ. ನನ್ನ ಕೈಲಿ ಆದದ್ದೂ ಇದೇ ಅಂತ ಹೇಗೆ ಹೇಳ್ತೀಯ? ಆಗ್ಬೋದು ಅಂತ ತೋರ್ಸಿದೀಯ, ಆಯ್ತು ಅಂತ ಅಲ್ಲ." ಇದಕ್ಕೆ ಉತ್ತರ ನಿನಗೆ ಹೊಳೆದರೆ ಬರೆ.

ನಿನ್ನ
ವಿಭಾ


ಮಿಲ್ಪಿಟಾಸ್
ಜೂನ್ 2, 2024

ಇಂದು,

ತಿಂಗಳು ದಾಟಿತು, ನಿನ್ನಿಂದ ಒಂದು ಸಾಲಿಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್. "ಹುಡುಗಿ" ಎಂದದ್ದನ್ನು ಆಡಿಕೊಂಡೆ ಎಂದು ಮುನಿಸೇ? ಅಥವಾ ನಿನ್ನ ಮೊದಲ ತೀರ್ಪು ತಪ್ಪಾಯಿತೆಂದೇ? ನೀನು ಸೋಲು ಸಹಿಸುವವಳಲ್ಲ, ಗೊತ್ತು. ಆದರೂ ಇದು ನಿನ್ನ ಗೆಲುವೇ. ಕ್ಯಾಮೆರಾ ಇಡೆಂದವಳು ನೀನು.

ಸುದ್ದಿ ಹೇಳಿಬಿಡುತ್ತೇನೆ. ಟ್ರಾನ್ ಸುಮ್ಮನೆ ಕೂರಲಿಲ್ಲ. ತಮಗೆ ಪರಿಚಯದ ರೇಂಜುಗಳಿಗೆಲ್ಲ ಚಿತ್ರ ಕಳಿಸಿದರು. ಫ್ರೆಸ್ನೋ ಕಡೆಯ ಒಬ್ಬರ ಬಳಿ ಅದೇ ಮಾದರಿ, ಅದೇ ಕಾಯಿಲೆ. ಅವರ ಮಗಳೇ ತಪ್ಪು ಮಾಡಿದಳೆಂದು ಆಕೆಗೆ ರೈಫಲ್ ಮುಟ್ಟಗೊಡುತ್ತಿರಲಿಲ್ಲವಂತೆ. ಇನ್ನೊಬ್ಬರು ಸ್ಯಾಕ್ರಮೆಂಟೋದಲ್ಲಿ. ಎಲ್ಲರ ಕೊಕ್ಕೆಗಳ ಚಿತ್ರಗಳನ್ನೂ ಒಟ್ಟಿಗೆ ಕಳಿಸಿದ ಮೇಲೆ ಕಂಪನಿಯ ಮುಖ್ಯ ಎಂಜಿನಿಯರೇ ನನಗೆ ಫೋನ್ ಮಾಡಿದರು. ಒಂದು ಕಂತಿನ ಕೊಕ್ಕೆಗಳು ಹದ ಕೊಡುವ ಕುಲುಮೆಗೆ ಹೋಗದೆ ತಪ್ಪಿಹೋಗಿದ್ದವಂತೆ. ಮಾರಾಟ ನಿಲ್ಲಿಸಿ, ಆ ಕಂತಿನ ಎಲ್ಲ ರೈಫಲುಗಳನ್ನೂ ವಾಪಸು ಕರೆಸಿಕೊಂಡು ಹೊಸ ಕೊಕ್ಕೆ ಹಾಕಿಕೊಡುವುದಾಗಿ ಈ ವಾರ ಪ್ರಕಟಿಸಿದ್ದಾರೆ. ಇಡೀ ದೇಶಕ್ಕೆ, ಇಂದು.

ಕಮಿಟಿ ನಿಷೇಧ ತೆಗೆದಿದೆ. ಟ್ರಾನ್ ತಮ್ಮ ಹಿತ್ತಿಲಿನ ಕಿತ್ತಳೆಹಣ್ಣು ಚೀಲದಲ್ಲಿ ತುಂಬಿಕೊಂಡು ವಸುಧಾರ ಮನೆಗೆ ನನ್ನ ಜೊತೆ ಬಂದರು. ಬಾಗಿಲಲ್ಲೇ ನಿಂತು, "ಡಾಕ್ಟರ್, ನಾನು ನೋಡದೆ ಸಹಿ ಹಾಕಿದೆ. ಕ್ಷಮಿಸಬೇಕು," ಅಂದರು. ವಸುಧಾ ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟರು. ಕ್ಲಬ್ಬಿನ ಬೇಸಗೆಯ ಸ್ಪರ್ಧೆಗೆ ಬನ್ನಿ ಎಂದಾಗ ಮಾತ್ರ, "ನೋಡೋಣ," ಅಂದರು. ಅವರು ಬಾಗಿಲು ಹಾಕುವಾಗಲೇ ನನಗೆ ಗೊತ್ತಾಯಿತು, ಬರುವುದಿಲ್ಲ. ಇಡೀ ದೇಶ ನಂಬಿದೆ, ಅವರ ಕೈಯನ್ನು ಅವರೇ ನಂಬುತ್ತಿಲ್ಲ.

ಬರೆ. ಬೈದಾದರೂ ಬರೆ.

ವಿಭಾ


ಪೊಲೀಸ್ ಕ್ವಾರ್ಟರ್ಸ್
ಜೂನ್ 16, 2024

ಪ್ರಿಯ ವಿಭಾ,

ಮುನಿಸಲ್ಲ. ಈಗ ಎಲ್ಲವನ್ನೂ ಬರೆಯಬಹುದು, ಬರೆಯುತ್ತೇನೆ.

ನಾನು "ಹುಡುಗಿ" ಎಂದದ್ದು ನಿನ್ನ ವಸುಧಾರನ್ನಲ್ಲ. ಅವಳ ಹೆಸರು ಬೋರಮ್ಮ. ಸಿಂದಗಿ ತಾಲ್ಲೂಕಿನವಳು, ನಮ್ಮಲ್ಲಿ ಕಾನ್ಸ್‌ಟೇಬಲ್ ತರಬೇತಿಗೆ ಬಂದವಳು. ಅವರ ಊರಿನಿಂದ ಪೊಲೀಸು ಸೇರಿದ ಮೊದಲ ಹೆಣ್ಣು. ನಿನ್ನ ಮೊದಲ ಮೇಲ್ ಬರುವ ಕೆಲವೇ ದಿನ ಮೊದಲು ನಮ್ಮ ರೇಂಜಿನಲ್ಲಿ ಅವಳ ಕೈಯಲ್ಲಿದ್ದ, ನಿನ್ನದರಂತೆಯೇ ಒತ್ತಿಗೊಂದೇ ಗುಂಡಿನ ಎಸ್ಸೆಲ್ಲಾರ್ ರೈಫಲ್ ಒಂದೇ ಒತ್ತಿಗೆ ಎರಡು ಗುಂಡು ಹಾರಿಸಿತು. ಎರಡನೆಯದು ಕಲ್ಲಿಗೆ ಬಡಿದು ಪುಟಿದು ಹವಾಲ್ದಾರ್ ವೀರಣ್ಣನ ಮೀನಖಂಡ ಸೀಳಿತು. ಮೂಳೆಗೆ ತಾಗಲಿಲ್ಲ, ಪುಣ್ಯ.

ವಿಚಾರಣೆಗೆ ಮೂವರನ್ನು ನೇಮಿಸಿದರು, ನಾನೂ ಒಬ್ಬಳು. "ಬೆರಳಿನ ಶಿಸ್ತಿಲ್ಲ, ತರಬೇತಿಯಿಂದ ತೆಗೆಯಬೇಕು" ಎಂದು ಟೈಪಾದ ವರದಿ ಮೇಜಿನ ಮೇಲಿತ್ತು. ಇಬ್ಬರು ಸಹಿ ಹಾಕಿ ನನಗೆ ಪೆನ್ನು ಕೊಟ್ಟಿದ್ದರು. ಅವಳು ಒಂದೇ ಮಾತು ಹೇಳುತ್ತಿದ್ದಳು: "ಬೊಟ್ಟ ಬಿಟ್ಟಿಲ್ರಿ ಮೇಡಂ. ಒತ್ತಿ ಹಿಡದಿದ್ದೆ." ಅದೇ ವಾರ ನಿನ್ನ ಮೇಲ್ ಬಂತು. ನಾನು ನಿನಗೆ ಬರೆದ ಉತ್ತರ ನನಗೇ ಹೇಳಿಕೊಂಡದ್ದು. ಬೆರಳೇ, ಬೆರಳೇ ಎಂದು ಬರೆದರೆ ಸಹಿ ಹಾಕುವುದು ಸುಲಭವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ನೀನು ಬೈದೆ. ನಾನು ಪೆನ್ನು ಮುಚ್ಚಿಟ್ಟೆ.

ನಿನ್ನ ಏಪ್ರಿಲ್ ಮೇಲ್ ಓದಿದ ಮರುದಿನ, ಆ ರೈಫಲನ್ನು ಪರೀಕ್ಷಿಸದೆ ಸಹಿ ಹಾಕುವುದಿಲ್ಲ ಎಂದು ಬರೆದುಕೊಟ್ಟೆ. ಅದು ಆಗಲೇ ಒರೆಸಿಕೊಂಡು ಶಸ್ತ್ರಾಗಾರದ ಸಾಲಿಗೆ ಸೇರಿತ್ತು. ಬೇರೆ ಯಾರೋ ಹಿಡಿಯುವವರಿದ್ದರು. ಮೇಲಿನವರಿಗೆ ಸಿಟ್ಟು ಬಂತು. ನನ್ನನ್ನು ರೇಂಜಿನಿಂದ ತೆಗೆದು ಬಟ್ಟೆಬರೆಯ ಉಗ್ರಾಣಕ್ಕೆ ಹಾಕಿದರು. ಬೂಟು, ಬೆಲ್ಟು ಎಣಿಸುತ್ತ ಕೂತೆ. ನಿನಗೆ ಏನೆಂದು ಬರೆಯಲಿ? ಬರೆದಿದ್ದರೆ ನೀನು ವಿಮಾನ ಹತ್ತುತ್ತಿದ್ದೆ.

ದಾರಿ ತೆಗೆದವನು ವೀರಣ್ಣ. ಕಾಲು ವಾಸಿಯಾಗಿ ಕೆಲಸಕ್ಕೆ ಬಂದವನೇ ಕುಂಟುತ್ತ ಸೂಪರಿಂಟೆಂಡೆಂಟರ ಕೋಣೆಗೆ ಹೋದ. "ಸಾಹೇಬ್ರ, ಗುಂಡ ಬಿದ್ದದ್ದು ನನ್ನ ಕಾಲಿಗೆ. ಅದನ್ನ ಹಾರಿಸಿದ್ದು ಹುಡುಗೀನೋ ಬಂದೂಕೋ ಅನ್ನೋದು ನನಗ ಗೊತ್ತಾಗಬೇಕ್ರಿ. ನಾಳೆ ಮತ್ತ ಅದೇ ರೇಂಜಿನ್ಯಾಗ ನಿಂದರಾಂವ ನಾನೇ." ಗಾಯಗೊಂಡವನ ಮಾತಿಗೆ ಇಲ್ಲ ಎನ್ನುವುದು ಹೇಗೆ? ಪರೀಕ್ಷೆಗೆ ಒಪ್ಪಿದರು.

ಯಾರು ಹೊಡೆಯಬೇಕು ಎಂಬ ಪ್ರಶ್ನೆ ಬಂತು. ನಾನು ಮುಂದೆ ಬಂದೆ. ಬೋರಮ್ಮ, "ನಾನೇ ಹೊಡೀತೀನ್ರಿ," ಅಂದಳು. ಮೂರು ತಿಂಗಳು ಎಲ್ಲರೂ ಆ ಬೆರಳನ್ನು ಬೈದಿದ್ದಾರೆ ವಿಭಾ. ಅವಳು ಅದೇ ಬೆರಳನ್ನು ಅದೇ ಟ್ರಿಗರಿನ ಮೇಲೆ ಇಟ್ಟಳು. ನಾನು ಪಕ್ಕದಲ್ಲಿ ಮಂಡಿಯೂರಿ ಫೋನಿನ ಕ್ಯಾಮೆರಾ ಹಿಡಿದೆ. ಎರಡೆರಡೇ ಗುಂಡು, ನಿನಗೆ ಹೇಳಿದಂತೆಯೇ. ಬಹಳ ಹೊತ್ತು ಒಂದೊಂದೇ ಹಾರಿತು. ಹಿಂದೆ ನಿಂತ ಸಾಹೇಬರೊಬ್ಬರು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಎರಡು ಹಾರಿದವು.

ಅವಳು ಅಲುಗಲಿಲ್ಲ. ಕೆನ್ನೆ ರೈಫಲಿನ ಮೇಲೆಯೇ ಇಟ್ಟುಕೊಂಡು, ಉಸಿರೂ ಏರದ ದನಿಯಲ್ಲಿ, "ನೋಡ್ರಿ ಮೇಡಂ, ಇನ್ನೂ ಒತ್ತೇ ಹಿಡದೀನಿ," ಅಂದಳು.

ಎಲ್ಲರೂ ಬಂದು ಬಗ್ಗಿ ನೋಡಿದರು. ಬೆರಳು ಹಿಂದೆಯೇ ಇತ್ತು. ಕ್ಯಾಮೆರಾದಲ್ಲೂ ಅದು ಒಮ್ಮೆಯೂ ಮುಂದೆ ಬಂದಿರಲಿಲ್ಲ. ಸೂಪರಿಂಟೆಂಡೆಂಟ್ ಸಾಹೇಬರು, "ಸಾಕು, ಬಿಡಮ್ಮ," ಅಂದ ಮೇಲೆಯೇ ಬಿಟ್ಟಳು.

ಬಿಚ್ಚಿದರೆ ಒಳಗೆ ಸುತ್ತಿಗೆ ತಡೆಯುವ ತುಂಡು ಸವೆದು ಸಪಾಟಾಗಿತ್ತು. ನಿನ್ನದು ಹದವಿಲ್ಲದ ಹೊಸದು, ನಮ್ಮದು ನಮ್ಮಿಬ್ಬರಿಗಿಂತ ಹಳೆಯದು. ಶಸ್ತ್ರಾಗಾರದ ಎಲ್ಲವನ್ನೂ ಪರೀಕ್ಷಿಸಿ, ಅಂಥ ಕಾಯಿಲೆಯ ಇನ್ನೂ ಕೆಲವನ್ನು ಬಳಕೆಯಿಂದ ತೆಗೆದಿದ್ದಾರೆ. ವರದಿ ಹರಿದು ಹೊಸದು ಬರೆದರು. ಅದಕ್ಕೆ ನಾನೇ ಮೊದಲ ಸಹಿ ಹಾಕಿದೆ. ಬೋರಮ್ಮ ತನ್ನ ತಂಡಕ್ಕೆ ವಾಪಸು, ನಾನು ನನ್ನ ರೇಂಜಿಗೆ. ವೀರಣ್ಣ ಇಡೀ ತಂಡಕ್ಕೆ ಗಿರಮಿಟ್ಟು ಕೊಡಿಸಿದ.

ನಿನ್ನ ಡಾಕ್ಟರಮ್ಮನ ಪ್ರಶ್ನೆಗೆ ಬೋರಮ್ಮನ ಕಥೆ ಹೇಳು, ಅವರೇ ಯೋಚಿಸಲಿ.

ನಿನ್ನ
ಇಂದು


ಮಿಲ್ಪಿಟಾಸ್
ಜುಲೈ 15, 2024

ಪ್ರೀತಿಯ ಇಂದು,

ನೀನು ಬೂಟು ಎಣಿಸುತ್ತಿದ್ದಾಗ ನಾನಿಲ್ಲಿ ನಿನ್ನ ಮುನಿಸನ್ನು ಲೆಕ್ಕ ಹಾಕುತ್ತಿದ್ದೆ. ಇನ್ನು ಮೇಲೆ ಇಂಥದ್ದು ಮುಚ್ಚಿಟ್ಟರೆ ನಿಜವಾಗಿಯೂ ವಿಮಾನ ಹತ್ತುತ್ತೇನೆ.

ನಿನ್ನ ಪತ್ರವನ್ನು ವಸುಧಾರ ಮನೆಗೆ ಒಯ್ದು ಗಟ್ಟಿಯಾಗಿ ಓದಿದೆ. "ಇನ್ನೂ ಒತ್ತೇ ಹಿಡದೀನಿ" ಎಂಬಲ್ಲಿ ಓದು ನಿಲ್ಲಿಸಿ ಅವರನ್ನು ನೋಡಿದೆ. ಅವರು ಕಿಟಕಿಯ ಕಡೆ ನೋಡುತ್ತಿದ್ದರು.

"ಆ ಹುಡುಗಿಗೆ ಮೊದಲೇ ಗೊತ್ತಿತ್ತಾ, ಎರಡು ಹಾರುತ್ತೆ ಅಂತ?"

"ಇಲ್ಲ ಆಂಟಿ. ಹಾರದೆ ಇದ್ದಿದ್ರೆ ಅವಳ ಕೆಲಸ ಅಲ್ಲಿಗೆ ಮುಗೀತಿತ್ತು."

"ಗೊತ್ತಿಲ್ದೇನೇ ಹಿಡಿದಳು." ನನ್ನ ಕಡೆ ತಿರುಗಿ ಹೇಳಿದರು, "ನನಗೆ ಪ್ರೂಫ್ ಬೇಕು ಅಂತ ಕೂತಿದೀನಿ. ಅವಳು ಪ್ರೂಫ್ ಇಲ್ದೇನೇ ಹೋಗಿ ಹಿಡಿದಿದಾಳೆ. ವಿಭಾ, ಭಾನುವಾರ ಕ್ಲಾಸು ಎಷ್ಟು ಗಂಟೆಗೆ?"

ಅಂದಿನಿಂದ ಒಂದು ಭಾನುವಾರವೂ ತಪ್ಪಿಸಲಿಲ್ಲ. ಹೊಸ ಕೊಕ್ಕೆ ಹಾಕಿಸಿಕೊಂಡು ಬಂದ ಅದೇ ರೈಫಲ್ಲೇ ಬೇಕು ಎಂದರು. ಬೇರೆ ಕೊಟ್ಟರೆ ಮುಟ್ಟಲಿಲ್ಲ.

ಮೊನ್ನೆ ಶನಿವಾರ ಬೇಸಗೆಯ ಸ್ಪರ್ಧೆ. ಬೆಟ್ಟವೆಲ್ಲ ಒಣಗಿ ಬಂಗಾರದ ಬಣ್ಣಕ್ಕೆ ತಿರುಗಿತ್ತು. ಉಕ್ಕಿನ ತಟ್ಟೆಗಳನ್ನು ಸಾಲಾಗಿ ನಿಲ್ಲಿಸಿರುತ್ತಾರೆ. ಒಂದೊಂದಕ್ಕೆ ಒಂದೊಂದೇ ಗುಂಡು, ತಪ್ಪಿದರೆ ತಪ್ಪಿತು. ಕೇದಾರ ಸಾಲುಕುರ್ಚಿಯಲ್ಲಿ ಕೂತು, "ಅವ್ರಿಗಿಂತ ನಿಂಗೇ ಟೆನ್ಶನ್ನು, ನೀರು ಕುಡಿ," ಅಂದ. ಹೌದು. ಅವರ ಸರದಿಗೆ ಮೊದಲು ಅವರೂ ನೀರು ಕುಡಿಯಲು ಹೋಗಿ ಬಾಟಲಿಯಿಂದ ಸೀರೆಯ ಮೇಲೆ ಚೆಲ್ಲಿಕೊಂಡರು. ಪಕ್ಕದ ಸ್ಪರ್ಧಿ ನೋಡಿ ಬೇರೆ ಕಡೆ ಮುಖ ತಿರುಗಿಸಿದಳು. ವಸುಧಾ ಕೈ ಒರೆಸಿಕೊಂಡು ಎದ್ದರು.

ರೈಫಲನ್ನು ಭುಜಕ್ಕೆ ಒತ್ತಿದರು. ನಾನು ಕೈಯನ್ನೇ ನೋಡುತ್ತಿದ್ದೆ. ದೀಪ ಗಾಳಿ ನಿಂತಾಗ ನಿಲ್ಲುತ್ತದಲ್ಲ, ಹಾಗೆ ನಿಂತಿತು. ಮೊದಲ ತಟ್ಟೆ ಠಣ್ ಎಂದು ಬಿತ್ತು. ಅವರು ಬೆರಳು ಬಿಟ್ಟು, ಉಸಿರು ಬಿಟ್ಟು, ಮತ್ತೆ ಒತ್ತಿದರು. ಎರಡನೆಯದು ಬಿತ್ತು. ಯಾವ ಅವಸರವೂ ಇಲ್ಲ. ಆಪರೇಶನ್ ಥಿಯೇಟರಿನಲ್ಲಿ ಹೀಗೇ ಇರುತ್ತಿದ್ದರೇನೋ. ಒಂದು ಒತ್ತು, ಒಂದು ಗುಂಡು, ಒಂದು ತಟ್ಟೆ. ಸಾಲಿನ ಕೊನೆಯದೂ ಬಿತ್ತು. ನಿಂತಿದ್ದ ತಟ್ಟೆ ಒಂದೂ ಇರಲಿಲ್ಲ.

ಹಿರಿಯರ ವಿಭಾಗದಲ್ಲಿ ಮೊದಲನೆಯವರು ಎಂದು ಟ್ರಾನ್ ಪದಕ ತಂದರು. ವಸುಧಾ ಕೈ ಚಾಚಲಿಲ್ಲ. "ಹಿರಿಯರದ್ದು ಆಮೇಲೆ. ಎಲ್ಲರ ಪಟ್ಟಿಯಲ್ಲಿ ನಾನೆಲ್ಲಿದೀನಿ, ಅದನ್ನ ಮೊದಲು ಹೇಳಿ." ಟ್ರಾನ್ ಹಾಳೆ ತಿರುವಿ ನೋಡಿ ತಲೆ ಎತ್ತಿದರು. ಹಿರಿಯರು ಕಿರಿಯರು, ಗಂಡಸರು ಹೆಂಗಸರು, ಎಲ್ಲ ಸೇರಿ ಇಡೀ ದಿನ ಒಂದೂ ತಪ್ಪದೆ ಹೊಡೆದವರು ಅವರೊಬ್ಬರೇ. ಟ್ರಾನ್ ಪದಕವನ್ನು ಜೇಬಿಗೆ ಹಾಕಿಕೊಂಡು ಒಳಗೆ ಹೋಗಿ ದೊಡ್ಡ ಕಪ್ಪನ್ನೇ ಎತ್ತಿಕೊಂಡು ಬಂದರು.

ಅದನ್ನು ಹಿಡಿದಾಗ ಅವರ ಕೈ ಮತ್ತೆ ನಡುಗುತ್ತಿತ್ತು. ಮುಚ್ಚಿಕೊಳ್ಳಲಿಲ್ಲ. ನಡುಗುವ ಕೈಯಲ್ಲೇ ಕಪ್ಪನ್ನು ತಲೆಯ ಮೇಲಕ್ಕೆ ಎತ್ತಿದರು, ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಚಿತ್ರ ತೆಗೆದೆ, ಇದರ ಜೊತೆ ಕಳಿಸುತ್ತಿದ್ದೇನೆ. ಸ್ವಲ್ಪ ಅಲುಗಿದೆ. ಅಲುಗಿದ್ದು ನನ್ನ ಕೈ.

ಕಾರಿನ ಹತ್ತಿರ ಬಂದಾಗ ಅವರು ಹೇಳಿದರು: "ಆ ಬೋರಮ್ಮಂಗೆ ಹೇಳ್ಸು. ಇಲ್ಲೊಬ್ಬಳು ಮೈಸೂರಿನ ಮುದುಕಿ ಅವಳನ್ನ ನೋಡಿ ಮತ್ತೆ ರೈಫಲ್ ಹಿಡಿದ್ಲು ಅಂತ. ಗೆದ್ಲು ಅಂತಾನೂ ಹೇಳ್ಸು. ಅದನ್ನ ಮರೀಬೇಡ."

ಮರೆತಿಲ್ಲ. ನಾಳೆ ಬೆಳಗಿನ ಪರೇಡಿನಲ್ಲಿ, ಎಲ್ಲರ ಮುಂದೆ ಹೇಳು.

ನಿನ್ನ
ವಿಭಾ